ಮೆಲ್ಬರ್ನಿಗೆ ಹೊರಟ ಮಂಕರಿ

ಮೊನ್ನೆ ಶ್ರೀನಿವಾಸಪುರದಿಂದ ಕೋಲಾರಕ್ಕೆ ಬರುವ ಬಸ್ಸಿನಲ್ಲಿ ಕಂಡಕ್ಟರು ಒಬ್ಬ ಹೆಂಗಸಿನ ಹಲಸಿನಹಣ್ಣಿಗೆ ಲಗೇಜು ಚೀಟಿ ಹರಿಯಲು ಹೋದರು. ಆಕೆ ಬಿಡಬೇಕಲ್ಲ. ಕೈಗೂಸಿಗೆ ಟಿಕೇಟಿಲ್ಲ, ಕೂಸಿಗಿಂತ ಹಗುರವಾದ ಹಣ್ಣಿಗೆ ಯಾಕೆ ಎಂಬುದು ಆಕೆಯ ವಾದ. ಕೂಸು ಮಡಿಲಲ್ಲಿ ಕೂರುತ್ತದೆ, ಹಣ್ಣು ದಾರಿಗಡ್ಡವಾಗಿ ಕೂತಿದೆ ಎಂಬುದು ಕಂಡಕ್ಟರ ವಾದ. ಆಕೆ ಹಣ್ಣನ್ನೆತ್ತಿ ಮಡಿಲಲ್ಲಿಟ್ಟುಕೊಂಡು ಸೆರಗು ಹೊದಿಸಿದಳು. ಹಿಂದಿನ ಸೀಟಿನ ತಾತ ಇನ್ನು ಬಿಡಪ್ಪ ಎಂದು ತೀರ್ಪು ಕೊಟ್ಟರು. ಬಸ್ಸು ಮುಂದೆ ಹೋಯಿತು. ನನಗೆ ಎದ್ದು ನಿಂತು ಚಪ್ಪಾಳೆ ತಟ್ಟಬೇಕೆನಿಸಿತು. ಲಗೇಜಿನ ವಿಷಯದಲ್ಲಿ ಎದುರಿಗೊಬ್ಬ ಮನುಷ್ಯ ನಿಂತು ಜಗಳವಾಡುವುದು ಎಂಥ ಸುಖ ಎಂಬುದು, ಅಗ್ಗದ ವಿಮಾನ ಹತ್ತಿ ದೂರದೇಶಕ್ಕೆ ಹೋಗಿ ಬಂದವರಿಗಷ್ಟೇ ಗೊತ್ತು.

ಮೊದಲೇ ಹೇಳಿಬಿಡುತ್ತೇನೆ, ನಾನು ಜಗಳಗಂಟಿ ಅಲ್ಲ, ಚರ್ಚಾಪಟು. ಎರಡಕ್ಕೂ ವ್ಯತ್ಯಾಸವಿದೆ, ಜಗಳಗಂಟಿಗೆ ಯಾರೂ ಬಹುಮಾನ ಕೊಡುವುದಿಲ್ಲ. ಕೋಲಾರದಲ್ಲಿ ಕಾನೂನು ಓದುತ್ತಾ ನಾನು ಕಲಿತದ್ದು ಕಾನೂನಿಗಿಂತ ಚರ್ಚೆಯನ್ನೇ ಹೆಚ್ಚು. ಚೀಟಿ ಎತ್ತಬೇಕು, ಪರವೋ ವಿರೋಧವೋ ಬಂದದ್ದನ್ನು ಹುಟ್ಟಿನಿಂದ ನಂಬಿಕೊಂಡವಳಂತೆ ಮಾತಾಡಬೇಕು. ಈ ವಿದ್ಯೆಯ ಫಲವಾಗಿ ನಮ್ಮ ಮನೆಯಲ್ಲಿ ಯಾರೂ ನನ್ನನ್ನು ಸೊಪ್ಪಿನ ಸಾರು ಬೇಕೋ ಬೇಳೆ ಸಾರು ಬೇಕೋ ಎಂದು ಕೇಳುವುದಿಲ್ಲ. ಬಡಿಸಿ ಒಳಗೆ ಹೋಗಿಬಿಡುತ್ತಾರೆ.

ಅಗ್ಗದ ವಿಮಾನದ ಪರ ವಾದಿಸಿ ಗೆದ್ದವಳೂ ನಾನೇ. ನಮ್ಮಕ್ಕ ಸುಮ ಮೆಲ್ಬರ್ನಿನ ಒಂದು ಆಸ್ಪತ್ರೆಯಲ್ಲಿ ನರ್ಸು. ಜೊತೆಯಲ್ಲೇ ಕೆಲಸ ಮಾಡುವ ಹುಡುಗನನ್ನು ಒಪ್ಪಿದ್ದಳು. ಇಬ್ಬರಿಗೂ ಒಟ್ಟಿಗೆ ರಜೆ ಸಿಗದೆ ಮದುವೆ ಅಲ್ಲೇ ಎಂದಾಯಿತು. ಅಪ್ಪ ಅಮ್ಮ ಮುಂಚೆಯೇ ಹೋಗಿದ್ದರು. ಉಳಿದವರು ನಾನು ಮತ್ತು ವೆಂಕಟೇಶಮಾವ. ಮಾವ ಅಮ್ಮನ ಅಣ್ಣ, ಶ್ರೀನಿವಾಸಪುರದಲ್ಲಿ ಮಾವಿನ ಮಂಡಿ ಇಟ್ಟುಕೊಂಡವರು. ಒಂದೇ ಸಲ ಹೋಗೋದು, ಊಟ ಕೊಡೋ ವಿಮಾನದಲ್ಲೇ ಹೋಗೋಣ ಎಂದು ಅವರು ಅಂದರು. ನಾನು ಎದ್ದು ನಿಂತೆ. ಎಲ್ಲ ವಿಮಾನವೂ ಒಂದೇ ಆಕಾಶದಲ್ಲಿ ಹಾರುತ್ತದೆ, ಊಟ ಎನ್ನುವುದು ನಮ್ಮ ದೌರ್ಬಲ್ಯವನ್ನು ನಮಗೇ ಮಾರುವ ಉಪಾಯ, ಬೇಡದ್ದಕ್ಕೆ ದುಡ್ಡು ಕೊಡದಿರುವುದೇ ನ್ಯಾಯ ಎಂದೆಲ್ಲ ಹೇಳಿದೆ. ಮಾವ ಸೋತರು. ಆ ಗೆಲುವನ್ನು ನೆನೆದರೆ ಈಗಲೂ ಮೊಣಕಾಲು ನೋಯುತ್ತದೆ.

ಇನ್ನು ಮಂಕರಿಯ ವಿಷಯ. ಅಮ್ಮನ ತವರಿನಲ್ಲಿ ಒಂದು ಪದ್ಧತಿಯಿದೆ. ಧಾರೆಗೆ ಮುಂಚೆ ಮದುಮಗಳು ನೆಲಕ್ಕೆ ಕಾಲಿಡಬಾರದು. ಅವಳನ್ನು ಹೊಸ ಬಿದಿರಿನ ಮಂಕರಿಯಲ್ಲಿ ಕೂರಿಸಿ, ಸೋದರಮಾವಂದಿರು ಆ ಕಡೆ ಈ ಕಡೆ ಹಿಡಿದು, ಮಂಟಪಕ್ಕೆ ಎತ್ತಿಕೊಂಡು ಬರಬೇಕು. ಅಮ್ಮನನ್ನು, ಚಿಕ್ಕಮ್ಮನನ್ನು ಹಾಗೇ ತಂದರಂತೆ. ಈ ಪದ್ಧತಿಯ ವಿರುದ್ಧ ನಾನು ಸ್ಪರ್ಧೆಯೊಂದರಲ್ಲಿ ಕಪ್ಪು ಗೆದ್ದಿದ್ದೇನೆ. ಓದಿ ಬೆಳೆದ ಹೆಂಗಸನ್ನು ರಸಪುರಿ ಹಣ್ಣಿನ ಹಾಗೆ ಬುಟ್ಟಿಗೆ ಹಾಕಿ ಸಾಗಿಸುವುದು ಮದುವೆಯೋ ಸರಬರಾಜೋ ಎಂದು ನಾನು ಕೇಳಿದಾಗ ಸಭೆ ನಕ್ಕಿತ್ತು. ಮುಂದಿನ ಸಾಲಿನಲ್ಲಿ ಕೂತಿದ್ದ ವೆಂಕಟೇಶಮಾವ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ಹೊಡೆದರು. ಆಮೇಲೆ ಊರಿಗೆ ಹೋಗಿ ಸುಮಕ್ಕನ ಮಂಕರಿಗೆ ಯಾವ ಬಿದಿರು ಒಳ್ಳೆಯದೆಂದು ವಿಚಾರಿಸತೊಡಗಿದರು.

ಮಾವನಿಗೆ ಗಂಡು ಮಕ್ಕಳೇ. ಸುಮಕ್ಕ ಚಿಕ್ಕವಳಿದ್ದಾಗ ಅವಳನ್ನು ಹೆಗಲ ಮೇಲೆ ಕೂರಿಸಿಕೊಂಡು ಮಂಡಿಯೆಲ್ಲ ಸುತ್ತಿಸಿದವರು. ಚಿಕ್ಕಮಾವನ ಮೊಣಕಾಲಿಗೆ ಆಪರೇಷನ್ ಆಗಿ ಅವರು ಬರಲಾರದೆ ಹೋದಾಗ, "ಒಂದು ಕಡೆ ನಾನಿದ್ದೀನಲ್ಲ, ಇನ್ನೊಂದು ಕಡೆಗೆ ಅಲ್ಲೇ ಯಾರಾದ್ರೂ ಸಿಗ್ತಾರೆ. ಆದ್ರೆ ಮಂಕರಿ ಸಿಗಲ್ಲ ಕಣಮ್ಮ" ಎಂದರು. ಮದುವೆಗೆ ಅವರು ಹೊರಟದ್ದೇ ಆ ಒಂದು ಕೆಲಸಕ್ಕೆ. ಉಳಿದದ್ದೆಲ್ಲ ಅವರ ಪಾಲಿಗೆ ಮೇಲೋಗರ.

ವಿಮಾನದವರು ಕೈಚೀಲಕ್ಕೆ ಇಂತಿಷ್ಟೇ ತೂಕ ಎಂದಿದ್ದರು. ಮಂಡಿಯವರಿಗೆ ತೂಕ ಎಂದರೆ ಸಾಕು, ಜಗತ್ತು ಅರ್ಥವಾದಂತೆ. ಮೇದರ ಮನೆಯಲ್ಲಿ ಕೂತು, ಒಂದು ಆಳು ಕೂರುವಷ್ಟು ದೊಡ್ಡದಾಗಿಯೂ ಕಿರುಬೆರಳಲ್ಲಿ ಎತ್ತುವಷ್ಟು ಹಗುರವಾಗಿಯೂ ಮಂಕರಿ ಹೆಣೆಸಿದರು. ಅತ್ತೆ ಅದನ್ನು ಒಳಗೂ ಹೊರಗೂ ಸಾರಿಸಿ, ಬಿಸಿಲಲ್ಲಿ ಒಣಗಿಸಿ, ಅಂಚಿಗೆ ಅರಿಶಿನ ಬಳಿದರು. ಅದರೊಳಗೆ ಧಾರೆ ಸೀರೆಯಿಟ್ಟು ಮೇಲೆ ಪಂಚೆ ಕಟ್ಟಿದ್ದಾಯಿತು. ತೂಕ ಸರಿಯಾಗಿತ್ತು. ತೂಕವಲ್ಲದೆ ಇನ್ನೊಂದು ಅಳತೆ ಜಗತ್ತಿನಲ್ಲಿದೆ ಎಂಬುದು ಕಾನೂನು ಓದಿದ ನನಗೂ ಹೊಳೆಯಲಿಲ್ಲ.

ವಿಮಾನ ನಿಲ್ದಾಣದ ಕೌಂಟರಿನ ಪಕ್ಕದಲ್ಲಿ ಒಂದು ಕಬ್ಬಿಣದ ಚೌಕಟ್ಟು ನಿಂತಿತ್ತು. ಕೈಚೀಲ ಅದರೊಳಗೆ ಇಳಿಯಬೇಕು. ನಮ್ಮ ಮಂಕರಿಯೊಳಗೆ ಬೇಕಾದರೆ ಆ ಚೌಕಟ್ಟು ಇಳಿಯುತ್ತಿತ್ತು.

"ತೂಕ ಹಾಕಮ್ಮ ಮೊದ್ಲು," ಎಂದರು ಮಾವ. "ತೂಕ ಹಾಕ್ದೆ ಮಾತಾಡಬಾರ್ದು."

ಕೌಂಟರಿನ ಹುಡುಗಿ ಇಂಗ್ಲಿಷಿನಲ್ಲಿ ಏನೋ ಒಪ್ಪಿಸಿದಳು. ಮಾವ ತೆಲುಗಿನಲ್ಲಿ ದೇವರನ್ನು ಕರೆದು, ಇದು ಮದುಮಗಳನ್ನು ಕೂರಿಸುವ ಮಂಕರಿ ಎಂದದ್ದು ಕೇಳಿ ಅವಳ ಮುಖ ಸಡಿಲವಾಯಿತು. "ನಾನೂ ಮಾಲೂರಿನೋಳೇ ಅಂಕಲ್. ನಮ್ಮಲ್ಲೂ ಹಿಂಗೇ ಎತ್ಕೊಂಡು ಬರೋದು. ಆದ್ರೆ ಸಿಸ್ಟಮ್ ತಗೊಳಲ್ಲ."

ಸಿಸ್ಟಮ್ ಯಾರು, ಕರೆಯಿರಿ, ಅವರೊಡನೆಯೇ ಮಾತಾಡುತ್ತೇನೆ ಎಂದೆ. ನಿಯಮದ ಉದ್ದೇಶ ವಿಮಾನದ ಭಾರ ತಗ್ಗಿಸುವುದಾದರೆ ಭಾರವಿಲ್ಲದ ವಸ್ತುವಿಗೆ ಅದು ಹೇಗೆ ಅನ್ವಯಿಸುತ್ತದೆ ಎಂದು ಕೇಳಿದೆ. ನಾನು ಕಪ್ಪು ಗೆದ್ದ ವಿಷಯದ ಎದುರು ಪಕ್ಷವನ್ನು ಹಿಡಿದು, ಆ ಪದ್ಧತಿಯ ಹಿರಿಮೆಯನ್ನೂ ವಿವರಿಸಿದೆ. ಹುಡುಗಿ ಎಲ್ಲಕ್ಕೂ ಹೌದು ಮೇಡಂ ಎಂದಳು. ಎದುರಾಳಿ ಎಲ್ಲವನ್ನೂ ಒಪ್ಪಿಕೊಂಡು ಏನನ್ನೂ ಬಿಟ್ಟುಕೊಡದ ಇಂಥ ಚರ್ಚೆ ನಾನು ಎಂದೂ ಕಂಡಿರಲಿಲ್ಲ. ನನಗಾಗ ಹೊಳೆಯಿತು: ಈ ಅಗ್ಗದ ವಿಮಾನದವರು ತೆಗೆದುಹಾಕಿರುವುದು ಊಟವನ್ನಲ್ಲ, ಕಂಬಳಿಯನ್ನಲ್ಲ, ಎದುರಾಳಿಯನ್ನು. ಬೈಯಲು ಅಲ್ಲೊಬ್ಬ ಮನುಷ್ಯನೇ ಇಲ್ಲ.

ಕೊನೆಗೆ ಮಂಕರಿ ದೊಡ್ಡ ಗಾತ್ರದ ಸಾಮಾನಾಗಿ ವಿಮಾನದ ಹೊಟ್ಟೆಗೆ ಹೋಗಬೇಕೆಂದಾಯಿತು. ಅದಕ್ಕೆ ಅವರು ಕೇಳಿದ ದುಡ್ಡು ಕೇಳಿ ಮಾವ ಯೋಚಿಸಿದರು. "ಹಂಗಾದ್ರೆ ಅದಕ್ಕೂ ಒಂದು ಸೀಟೇ ಕೊಟ್ಬಿಡಮ್ಮ. ಕಿಟಕಿ ಪಕ್ಕ ಕೂತ್ಕೊಳ್ಳಿ, ಪಾಪ." ಹುಡುಗಿ ಬಾಯಿಗೆ ಕೈ ಅಡ್ಡ ಹಿಡಿದಳು. ದುಡ್ಡು ಮಾತ್ರ ಕಟ್ಟಿಸಿಕೊಂಡಳು.

ವಿಮಾನದೊಳಗಿನ ಕಥೆಯನ್ನು ನಾನು ಸಂಕ್ಷೇಪವಾಗಿ ಹೇಳುತ್ತೇನೆ, ಅಲ್ಲಿ ಎಲ್ಲವೂ ಸಂಕ್ಷೇಪವಾಗಿಯೇ ಇತ್ತು. ಸೀಟು ಹಿಂದಕ್ಕೆ ಬಾಗುವುದಿಲ್ಲ. ಬಾಗಿಸಲು ಹೋದ ಮಾವನ ಕೈಗೆ ಪಕ್ಕದ ಜುಟ್ಟು ಕಟ್ಟಿದವನ ಮೊಣಕೈ ಸಿಕ್ಕಿತು. ನೀರಿಗೆ ದುಡ್ಡು, ಹೊದಿಕೆಗೆ ದುಡ್ಡು. ಅತ್ತೆ ಕಟ್ಟಿಕೊಟ್ಟ ಚಪಾತಿ, ಕಡಲೆಬೀಜದ ಚಟ್ನಿಪುಡಿ ಬಿಚ್ಚಿದರೆ, ಹೊರಗಿನ ತಿಂಡಿ ತಿನ್ನಬಾರದೆಂದು ನಗುನಗುತ್ತಲೇ ಎಚ್ಚರಿಕೆ. ಹೊರಗಿನದು ಎಂದರೇನು, ನಾವೂ ಹೊರಗಿನಿಂದಲೇ ಬಂದವರಲ್ಲವೇ ಎಂದು ನಾನು ಶುರುಮಾಡುವಷ್ಟರಲ್ಲಿ ಗಗನಸಖಿ ನಾಲ್ಕು ಸಾಲು ದಾಟಿ ಹೋಗಿದ್ದಳು. ಮಾವ ಟವೆಲ್ಲು ತಲೆಯ ಮೇಲೆ ಹೊದ್ದು, ಅದರೊಳಗೆ ಚಪಾತಿ ತಿಂದರು. ನಡುವೆ ಒಂದು ಊರಲ್ಲಿ ಇಳಿದು, ಬೆಂಚಿನ ಮೇಲೆ ಕೂತು ಕಾದು, ಇನ್ನೊಂದು ಅಂಥದ್ದೇ ವಿಮಾನ ಹತ್ತಿದೆವು. ಅದರಲ್ಲಿ ಕಾಲು ಮಡಿಸಲೂ ಆಗದೆ ಚಾಚಲೂ ಆಗದೆ ಕೂತ ಮಾವ ಬಹಳ ಹೊತ್ತಿನ ಮೇಲೆ ನನ್ನ ಕಡೆ ತಿರುಗಿದರು.

"ಮಾವಿನಕಾಯಿಗೂ ನಾವು ಹುಲ್ಲು ಹಾಸಿ ಲಾರಿಗೆ ತುಂಬ್ತೀವಿ ಕಣಮ್ಮ ಲಾಯರಮ್ಮ."

ಅದು ದೂರೂ ಆಗಿರಲಿಲ್ಲ. ನಾನು ನಿದ್ದೆ ಬಂದವಳಂತೆ ಕಣ್ಣು ಮುಚ್ಚಿದೆ.

ಮೆಲ್ಬರ್ನಿನಲ್ಲಿ ಮಂಕರಿ ಒಂದು ಗೀರೂ ಇಲ್ಲದೆ ಬಂದು ನಿಂತಿತು. ಮಾವ ಅದನ್ನು ತಿರುಗಿಸಿ ತಿರುಗಿಸಿ ನೋಡಿ, ನನ್ನ ತಪ್ಪುಗಳನ್ನೆಲ್ಲ ಮನ್ನಿಸಿದವರಂತೆ ನಕ್ಕರು. ಇನ್ನುಳಿದದ್ದು ಹೊರಗಿನ ಸಾಮಾನು ತಪಾಸಣೆ. ಆ ದೇಶದವರು ಮಣ್ಣು, ಬೀಜ, ಸೊಪ್ಪು ಯಾವುದನ್ನೂ ಒಳಕ್ಕೆ ಬಿಡುವುದಿಲ್ಲವೆಂದು ಸುಮಕ್ಕ ಎಚ್ಚರಿಸಿದ್ದಳು. ಬಿದಿರಿದೆ ಎಂದು ನಾನೇ ಮುಂದಾಗಿ ಹೇಳಿದೆ. ಅಧಿಕಾರಿ ಸೌಮ್ಯವಾದ ಹೆಂಗಸು. ಹುಳ ಹಿಡಿಯದ ಬಿದಿರಾದರೆ ತೊಂದರೆಯಿಲ್ಲ ಎನ್ನುತ್ತಾ ದೀಪ ಹಿಡಿದು ನೋಡಿದಳು. ಬೆರಳಿನಿಂದ ಒಂದು ಕಡೆ ಕೆರೆದಳು. ಮೂಸಿದಳು. ಇದೇನು ಮೆತ್ತಿರುವುದು ಎಂದು ಕೇಳಿದಳು.

ನನಗೆ ಆಗಲೇ ತಿಳಿಯಿತು. ಜೇಡಿಮಣ್ಣು ಎಂದರೂ ತಪ್ಪೇ, ಬಣ್ಣ ಎಂದರೆ ಸುಳ್ಳು. ಎರಡರಲ್ಲಿ ಯಾವುದು ವಾಸಿ ಎಂದು ನಾನು ತೂಗುತ್ತಿರುವಾಗ ಏನಂತೆ ಎಂದು ಮಾವ ಕೇಳಿದರು. ಹೇಳಿದೆ. ಅವರು ಹೆಮ್ಮೆಯಿಂದ ಆಕೆಗೆ ನೇರವಾಗಿ ಇಂಗ್ಲಿಷಿನಲ್ಲೇ ಉತ್ತರ ಕೊಟ್ಟರು: "ಕೌ. ಅವರ್ ಓನ್ ಕೌ."

ಆಕೆ ಕೈಗವಸು ಹಾಕಿಕೊಂಡಳು. ಸೀರೆಯನ್ನು ತೆಗೆದು ನನ್ನ ಕೈಗೆ ಕೊಟ್ಟಳು. ನಾನು ವಾದಿಸಿದೆ, ಆಕೆ ತಾಳ್ಮೆಯಿಂದ ಕೇಳಿದಳು, ಒಂದೊಂದಕ್ಕೂ ಉತ್ತರ ಕೊಟ್ಟಳು. ಸಗಣಿಯಲ್ಲಿ ಬರಬಹುದಾದ ಜಾನುವಾರು ರೋಗದ ಬಗ್ಗೆ ಆಕೆ ಹೇಳಿದ್ದರಲ್ಲಿ ನನಗೆ ಒಂದು ತಪ್ಪೂ ಸಿಗಲಿಲ್ಲ. ಇಡೀ ಪ್ರಯಾಣದಲ್ಲಿ ಸಿಕ್ಕಿದ ಒಬ್ಬಳೇ ಎದುರಾಳಿ, ಅವಳಿಗೂ ಸೋತೆ. ಮಂಕರಿ ಹಳದಿ ಚೀಲದೊಳಗೆ ಹೋಯಿತು. ಸುಡುತ್ತಾರಂತೆ. ಮಾವ ಆಕೆಗೆ ಕೈಮುಗಿದು, ತಳ್ಳುಗಾಡಿ ತಳ್ಳಿಕೊಂಡು ಹೊರಟರು.

ಸುಮಕ್ಕನ ಮನೆಯಲ್ಲಿ ಅವರು ಸೋಫಾದ ಅಂಚಿಗೆ ಕೂತವರು ಸರಿಯಾಗಿ ಊಟವನ್ನೂ ಮಾಡಲಿಲ್ಲ. ಬರಿಗೈಲಿ ಬಂದೆನಲ್ಲ ಎಂಬುದೊಂದೇ ಮಾತು. ಅಕ್ಕ ಬಟ್ಟೆ ಹಾಕುವ ಪ್ಲಾಸ್ಟಿಕ್ ಬುಟ್ಟಿ ತಂದು ತೋರಿಸಿದಳು. ಮಾವ ಅದನ್ನು ನೋಡಿ ಮುಖ ತಿರುಗಿಸಿದರು. ಅಪ್ಪ ಕಾಲ ಬದಲಾಯಿತು ಎಂದರು. ಅಮ್ಮ ಅಡುಗೆಮನೆ ಸೇರಿದಳು. ನಡೆದುಕೊಂಡೇ ಬಂದರಾಯಿತು, ಅದೇ ಸರಿ ಎಂದು ಹೇಳಲು ನನಗೆ ಇದಕ್ಕಿಂತ ಒಳ್ಳೆಯ ಸಂದರ್ಭ ಸಿಗುತ್ತಿರಲಿಲ್ಲ. ನಾನು ಅದನ್ನೇ ಹೇಳಲು ಬಾಯಿ ತೆರೆದೆ. ಸೋಫಾದ ಅಂಚಿನಲ್ಲಿ ಅಂಗೈ ಮೇಲೆ ಮಾಡಿ ಕೂತಿದ್ದ ಮಾವನನ್ನು ನೋಡಿ, ಬಾಯಿಂದ ಬೇರೇನೋ ಬಂತು.

ಮಂಕರಿ ಮುಖ್ಯವಲ್ಲ ಮಾವ, ಕಾಲು ನೆಲಕ್ಕೆ ತಾಗಬಾರದು ಎನ್ನುವುದಷ್ಟೇ ಮುಖ್ಯ ಎಂದೆ. ಚಿಕ್ಕಂದಿನಲ್ಲಿ ಇಬ್ಬರು ಎದುರುಬದುರು ನಿಂತು, ಒಬ್ಬರ ಮಣಿಕಟ್ಟನ್ನು ಒಬ್ಬರು ಹಿಡಿದು, ಮೂರನೆಯವಳನ್ನು ಕೂರಿಸಿಕೊಂಡು ಓಡುತ್ತಿದ್ದೆವಲ್ಲ, ಹಾಗೆ ಎತ್ತಬಹುದು ಎಂದೆ.

ಮಾವ ತಲೆಯೆತ್ತಿದರು. "ಆ ಕಡೆ ಯಾರು?"

ವರನ ಗೆಳೆಯರಲ್ಲಿ ಕಟ್ಟುಮಸ್ತಾದವರು ಬೇಕಾದಷ್ಟಿದ್ದರು. ಮಾವ ಒಪ್ಪಲಿಲ್ಲ. ತಾಯಿ ಕಡೆಯವರೇ ಆಗಬೇಕು.

"ನೀನೂ ನಮ್ಮ ತಂಗಿ ಹೊಟ್ಟೇಲೇ ಹುಟ್ಟಿದ್ದು ತಾನೆ?"

ನಾನು ಸೋದರಮಾವ ಅಲ್ಲ ಎಂದೆ. ಹೆಂಗಸು ಎತ್ತಬಹುದೆಂದು ಯಾವ ಶಾಸ್ತ್ರದಲ್ಲಿದೆ ಎಂದು, ಶಾಸ್ತ್ರವನ್ನೇ ನಂಬದ ನಾನು ಕೇಳಿದೆ. ಎತ್ತಬಾರದು ಅಂತ ಎಲ್ಲಿದೆ, ನೀನೇ ಹುಡುಕಿ ಹೇಳು ಎಂದರು.

ಹೀಗೆ, ಬಾಡಿಗೆ ಸಭಾಂಗಣವೊಂದರ ಬಾಗಿಲಿನಿಂದ ಮಂಟಪದವರೆಗೆ, ರೇಷ್ಮೆ ಸೀರೆಯುಟ್ಟ ಅಕ್ಕನನ್ನು ರೇಷ್ಮೆ ಸೀರೆಯುಟ್ಟ ನಾನೂ ಮಾವನೂ ಎತ್ತಿಕೊಂಡು ಹೋದೆವು. ಅಕ್ಕ ನನ್ನ ಕುತ್ತಿಗೆಯನ್ನು ಉಸಿರು ಕಟ್ಟುವಂತೆ ಹಿಡಿದಿದ್ದಳು. ನನ್ನ ಕಡೆ ತಗ್ಗಿದೆಯೆಂದು ಮಾವ ಗೊಣಗುತ್ತಲೇ ಇದ್ದರು. ನಡುದಾರಿಯಲ್ಲಿ ನೆರಿಗೆ ಕಾಲಿಗೆ ಸಿಕ್ಕಿ ನಾನು ಮುಗ್ಗರಿಸಿದೆ. ಮಾವ ಇಡೀ ಭಾರವನ್ನು ತಮ್ಮ ಕಡೆಗೆ ಎಳೆದುಕೊಂಡರು. ಅಕ್ಕನ ಕಾಲು ನೆಲಕ್ಕೆ ತಾಗಲಿಲ್ಲ. ಅವಳನ್ನು ಮಣೆಯ ಮೇಲೆ ಕೂರಿಸಿದ ಮೇಲೆ ಮಾವ ಪಂಚೆಯ ಅಂಚಿನಿಂದ ಮುಖ ಒರೆಸಿಕೊಂಡರು. ಬೆವರು ಎಂದು ನಾನೂ ನಂಬಿದೆ.

ಹಿಂದಿರುಗುವ ಪ್ರಯಾಣವೂ ಅದೇ ಅಗ್ಗದ ವಿಮಾನದಲ್ಲೇ. ಅದರ ಬಗ್ಗೆ ನನಗೆ ಹೇಳಲು ಏನೂ ಇಲ್ಲ, ಅಥವಾ ಒಂದು ಪುಸ್ತಕದಷ್ಟಿದೆ.

ಮೊನ್ನೆ ಆ ಹಲಸಿನಹಣ್ಣಿನ ಬಸ್ಸು ಕೋಲಾರ ಮುಟ್ಟುವ ಹೊತ್ತಿಗೆ ಮಾವನ ಫೋನು ಬಂತು. ಮುಂದಿನ ವಾರ ಮುಳಬಾಗಿಲಿನಲ್ಲಿ ಚಿಕ್ಕಮ್ಮನ ಮಗಳ ಮದುವೆ. ಚಿಕ್ಕಮಾವನ ಮೊಣಕಾಲು ಇನ್ನೂ ಸರಿಯಾಗಿಲ್ಲ, ಹುಡುಗಿ ಆ ಕಡೆಗೆ ನೀನೇ ಬೇಕೆನ್ನುತ್ತಿದ್ದಾಳೆ ಎಂದರು. ನಾನು ಬಸ್‌ಸ್ಟ್ಯಾಂಡಿನಲ್ಲಿ ನಿಂತೇ ಅವರಿಗೆ ಈ ಪದ್ಧತಿ ಮೂಲತಃ ತಪ್ಪು ಎಂಬುದನ್ನು ಮತ್ತೊಮ್ಮೆ ವಿವರಿಸಿದೆ. ಹೆಣ್ಣಿಗೆ ಕಾಲಿದೆ, ಅವಳು ನಡೆಯಬಲ್ಲಳು, ಮೆಲ್ಬರ್ನಿನಲ್ಲಿ ಆದದ್ದು ಬೇರೆ ಸಂದರ್ಭ, ಅದನ್ನು ಪೂರ್ವನಿದರ್ಶನವೆಂದು ಹಿಡಿಯಬಾರದು ಎಂದೆ. ಮಾವ ಪೂರ್ತಿ ಕೇಳಿಸಿಕೊಂಡರು.

"ಆಯ್ತಮ್ಮ, ತಪ್ಪೇ," ಎಂದರು. "ಈ ಸಲ ಸೀರೆ ಉಟ್ಕೊಂಡ್ ಬರ್ಬೇಡ. ಚೂಡಿದಾರ್ ಹಾಕ್ಕೊಂಡ್ ಬಾ, ಎತ್ತೋಕ್ ಸಲೀಸು."

ಮನೆಗೆ ಹೋಗುವ ದಾರಿಯಲ್ಲಿ ಇಸ್ತ್ರಿಯಂಗಡಿಗೆ ಹೋಗಿ, ಹಸಿರು ಚೂಡಿದಾರ್ ಕೊಟ್ಟರೆ ಯಾವತ್ತಿಗೆ ಸಿಗುತ್ತದೆಂದು ವಿಚಾರಿಸಿಕೊಂಡು ಬಂದಿದ್ದೇನೆ.