ಕೃಷ್ಣಾಜಿ ಮಾಸ್ತರರ ನಾಲ್ಕು ಕಾಳು

ಪಂಚಾಂಗ ಹೇಳುವ ಮನೆತನದಲ್ಲಿ ಹುಟ್ಟಿ ಡ್ರಿಲ್ ಮಾಸ್ತರರಾದವರು ಬೈಲಹೊಂಗಲದಲ್ಲಿ ಕೃಷ್ಣಾಜಿ ಒಬ್ಬರೇ. ಅಜ್ಜ ಮುಹೂರ್ತ ಇಡುತ್ತಿದ್ದರು, ಅಪ್ಪ ಪುರಾಣ ಹೇಳುತ್ತಿದ್ದರು. ಮಗ ಖಾಕಿ ಚಡ್ಡಿ ಹಾಕಿಕೊಂಡು, ಕೊರಳಿಗೆ ಸೀಟಿ ಕಟ್ಟಿಕೊಂಡು ಬಯಲಿಗೆ ನಡೆದರು. ಓಣಿಯ ಹಿರಿಯರು ಮೂಗು ಮುರಿದರೆ ಕೃಷ್ಣಾಜಿಯ ಉತ್ತರ ಸಿದ್ಧವಿತ್ತು.

"ಮಂತ್ರಕ್ಕೂ ಉಸರು ಹಿಡೀಬೇಕು, ಹುತುತು ಆಟಕ್ಕೂ ಉಸರು ಹಿಡೀಬೇಕು. ನಾ ಮನಿ ಉದ್ಯೋಗಾನ ಮಾಡ್ಲಿಕ್ಕೆ ಹತ್ತೇನಿ."

ಅವರು ಕಲಿಸುತ್ತಿದ್ದ ಹೈಸ್ಕೂಲಿಗೆ ಕೋಣೆಗಳು ಕಡಿಮೆ, ಬಯಲು ದೊಡ್ಡದು. ಮಧ್ಯಾಹ್ನ ಮೂರು ಹೊಡೆದರೆ ಪುಸ್ತಕ ಮುಚ್ಚಿ ಎಲ್ಲರೂ ಆಟಕ್ಕೆ ಇಳಿಯಬೇಕು ಎಂಬುದು ಶಾಲೆ ಶುರುವಾದಂದಿನಿಂದ ನಡೆದು ಬಂದ ರೂಢಿ. ಐವತ್ತೊಂದರ ಜೂನಿನಲ್ಲಿ ಹೊಸ ಹೆಡ್‌ಮಾಸ್ತರರು ಬಂದರು, ಬಾಳಕೃಷ್ಣಪಂತರು. ಮನುಷ್ಯ ಸಜ್ಜನ, ಆದರೆ ಇಂಗ್ಲಿಷ್ ವ್ಯಾಕರಣ ಬಿಟ್ಟರೆ ಲೋಕದಲ್ಲಿ ಬೇರೆ ಊಟವೇ ಇಲ್ಲವೆಂದು ನಂಬಿದವರು. ಆಟದ ತಾಸು ಅವರ ಕಣ್ಣಿಗೆ ಕಸದಂತೆ ಚುಚ್ಚುತ್ತಿತ್ತು.

ಅದೇ ವರ್ಷ ಕೃಷ್ಣಾಜಿ ಹುಡುಗರನ್ನು ನಾಲ್ಕು ಮನೆಗಳಾಗಿ ಹಂಚಬೇಕೆಂದರು. ಒಂದೊಂದು ಮನೆಗೆ ಒಬ್ಬ ನಾಯಕ, ವರ್ಷವಿಡೀ ಪಂದ್ಯ, ಜನವರಿಯಲ್ಲಿ ಗೆದ್ದ ಮನೆಗೆ ಬಹುಮಾನದ ಢಾಲು. ಪಂತರು ಒಪ್ಪಿದರು, ಒಂದು ಕರಾರು ಹಾಕಿ.

"ಮಾಡ್ರಿ. ಆದ್ರ ಒಂದು ಬಡದಾಟ ಆದ್ರೂ ಮನಿಗಳೂ ಇಲ್ಲ, ಮೂರರ ಮ್ಯಾಲಿನ ಆಟಾನೂ ಇಲ್ಲ. ಆ ತಾಸು ವ್ಯಾಕರಣಕ್ಕ ನನಗ ಕೊಡಬೇಕು."

"ಆಗ್ಲಿರಿ," ಎಂದರು ಕೃಷ್ಣಾಜಿ. ತಮ್ಮ ಹುಡುಗರ ಮೇಲೆ ಅವರಿಗೆ ಅಷ್ಟು ಭರವಸೆ.

ಹಂಚುವುದು ಹೇಗೆ? ಓಣಿಯ ಮೇಲೆ ಹಂಚಿದರೆ ಜಾತಿಯ ಮೇಲೆ ಹಂಚಿದ ಹಾಗೆ. ದೇವರ ಹೆಸರಿಟ್ಟರೆ ಒಂದು ಜಗಳ, ಶೂರರ ಹೆಸರಿಟ್ಟರೆ ಇನ್ನೊಂದು. ಕಾಳಿಗೆ ಜಾತಿ ಇಲ್ಲ ಎಂದುಕೊಂಡು ಕೃಷ್ಣಾಜಿ ತಾಯಿ ಭಾಗೀರಥಿಬಾಯಿಯ ಹಿತ್ತಾಳೆ ಕೊಡ ತಂದರು. ಜೋಳ, ಕಡಲೆ, ಹೆಸರು, ತೊಗರಿ ಎಣಿಸಿ ಹಾಕಿ ಕಲಸಿದರು. ಹುಡುಗ ಕಣ್ಣು ಕಟ್ಟಿಸಿಕೊಂಡು ಕೈ ಹಾಕಬೇಕು. ಯಾವ ಕಾಳು ಬಂತೋ ಅದು ಅವನ ಮನೆ. ಮೊದಲು ಕೈ ಹಾಕಿದವನು ನೇಸರಗಿಯ ಮಹಾಂತಪ್ಪ, ಶಾಲೆಗೇ ಗಟ್ಟಿ ಆಳು. ಅವನಿಗೆ ಕಡಲೆ ಬಂತು.

ಗಣೇಶ ಚೌತಿ ಬರುವುದರೊಳಗೆ ಕಡಲೆ ಮನೆ ಒಂದು ಪಂದ್ಯವನ್ನೂ ಸೋತಿರಲಿಲ್ಲ, ಹೆಸರು ಮನೆ ಒಂದನ್ನೂ ಗೆದ್ದಿರಲಿಲ್ಲ. ಗಟ್ಟಿ ಹುಡುಗರೆಲ್ಲ ಒಂದೇ ಕಡೆ ಹೋಗಿ ಬಿದ್ದದ್ದು ಹೇಗೆಂದು ಕೃಷ್ಣಾಜಿ ತಲೆ ಕೆರೆದುಕೊಂಡರು. ದೈವ ಎಂದು ಸುಮ್ಮನಾಗುವ ಹೊತ್ತಿಗೆ ಶಾಲೆ ಕಸ ಹೊಡೆಯುವ ಗುರವ್ವ ಕಸಬರಿಗೆ ಊರಿ ನಿಂತು ನಕ್ಕಳು. ಸುಗ್ಗಿಯಲ್ಲಿ ಹೊಲಕ್ಕೆ ಕೂಲಿ ಹೋಗುವ ಹೆಂಗಸು.

"ಮಾಸ್ತರ, ನೀವು ಹುಡುಗುರ ಕಣ್ಣ ಕಟ್ಟಿದ್ರಿ, ಬೆರಳ ಕಟ್ಟಲಿಲ್ಲ. ಕಡ್ಲಿಗೆ ಮೂಗ ಇರ್ತೈತ್ರಿ. ಮುಟ್ಟಿದ್ರ ತಿಳೀತೈತಿ."

ಕೃಷ್ಣಾಜಿ ಮನೆಗೆ ಹೋಗಿ ಒಂದು ಕಡಲೆಕಾಳು ಹಿಡಿದು ನೋಡಿದರು. ಇತ್ತು, ಚೂಪಾದ ಮೂಗು. ರೈತರ ಮಕ್ಕಳು ಮಹಾಂತಪ್ಪನ ಹಿಂದೆ ಹೋಗಲು ಕಡಲೆಯನ್ನೇ ಹುಡುಕಿ ತೆಗೆದಿದ್ದರು. ಮಾಸ್ತರರಿಗೆ ನಾಚಿಕೆಯೂ ಆಯಿತು, ನಗೆಯೂ ಬಂತು.

ಮುಚ್ಚಿಡುವ ಸ್ವಭಾವ ಅವರದಲ್ಲ. ಮರುದಿನ ಪ್ರಾರ್ಥನೆ ಮುಗಿದ ಮೇಲೆ ಎಲ್ಲರೆದುರೇ ಹೇಳಿದರು: "ತಪ್ಪು ನಂದು. ನಾ ಕಾಳು ತಾಟಿನ್ಯಾಗ ಅಷ್ಟ ನೋಡೇನಿ, ನೀವು ಹೊಲದಾಗ ನೋಡೀರಿ. ನಾಳೆ ಮತ್ತ ಆರಿಸೋಣು."

ಆ ಸಂಜೆ ಭಾಗೀರಥಿಬಾಯಿ ಬರೀ ಜೋಳ ತೆಗೆದುಕೊಂಡು ಒಂದು ಪಾಲಿಗೆ ಅರಿಶಿನ, ಒಂದಕ್ಕೆ ಕುಂಕುಮ, ಒಂದಕ್ಕೆ ಬಟ್ಟೆಗೆ ಹಾಕುವ ನೀಲಿ ಹಚ್ಚಿ, ಒಂದನ್ನು ಹಾಗೇ ಬಿಟ್ಟರು. ಅಕ್ಷತೆ ಕಲಸಿ ಕಲಸಿ ಪಳಗಿದ ಕೈ. "ಇದನ್ನ ನೋಡ್ಲಿಕ್ಕೆ ಯಾವ ಬೆರಳಿಗೂ ಕಣ್ಣಿರೂದಿಲ್ಲ ತಗೋ," ಎಂದರು.

ಮಹಾಂತಪ್ಪ ಕೊಡದ ಮುಂದೆ ಮುಖ ಬಿಗಿದು ನಿಂತ. ಕೃಷ್ಣಾಜಿ ಅವನ ಕಣ್ಣು ಕಟ್ಟುತ್ತ ಮೆಲ್ಲಗೆ ಹೇಳಿದರು: "ನಿಮ್ಮೆಲ್ಲರ ಬೆರಳು ಭಾಳ ಶಾಣ್ಯಾ ಅವ. ಇವತ್ತ ಅವಕ್ಕ ಸೂಟಿ, ಕೆಲಸಿಲ್ಲ."

ಅವನಿಗೆ ಅರಿಶಿನ ಬಂತು. ಅವನ ಜೀವದ ಗೆಳೆಯ ಶಟ್ಟೆಪ್ಪನಿಗೆ ನೀಲಿ. ಅರಿಶಿನ ಮನೆಯಲ್ಲಿದ್ದವರು ಚೆಂಡು ಬಂದರೆ ದಾರಿ ಬಿಟ್ಟು ನಿಲ್ಲುವಂಥವರು. ಮಹಾಂತಪ್ಪ ಒಂದು ವಾರ ಬಯಲಿನ ಅಂಚಿನಲ್ಲೇ ಕುಳಿತ. ಎರಡನೆಯ ವಾರ ಒಬ್ಬ ಕಡ್ಡಿ ಪೈಲ್ವಾನನಿಗೆ ಎದುರಾಳಿಯ ಕಾಲು ಹಿಡಿಯುವುದನ್ನು ತೋರಿಸುತ್ತಿದ್ದ. ಕೃಷ್ಣಾಜಿ ದೂರದಿಂದ ನೋಡಿ ದಾಟಿ ಹೋದರು.

ಜನವರಿಯಲ್ಲಿ ಹುತುತು ಕಬಡ್ಡಿಯ ಕೊನೆಯ ಪಂದ್ಯಕ್ಕೆ ನಿಂತದ್ದು ಅರಿಶಿನ ಮತ್ತು ನೀಲಿ. ಊರೇ ಬಂದಿತ್ತು, ನೇಸರಗಿಯಿಂದ ಎರಡು ಬಂಡಿ ಜನ. ಪಂತರು ಕುರ್ಚಿ ಹಾಕಿಸಿಕೊಂಡು ಕುಳಿತರು. ಅಂಕ ಸಮಸಮ, ಉಸಿರು ಹಿಡಿದು ಹೋಗುವ ಕೊನೆಯ ಸರದಿ ಶಟ್ಟೆಪ್ಪನದು. ಅವನು ನುಗ್ಗಿ ಬಂದ, ಹೊರಳಿದ, ಗೆರೆ ಮುಟ್ಟಿದ.

"ಮಹಾಂತನ ಬೆನ್ನಿಗೆ ಮುಟ್ಟೇನ್ರಿ ಸರ," ಎಂದ.

ಕೃಷ್ಣಾಜಿ ನೋಡಿರಲಿಲ್ಲ. ನಡುವೆ ಒಬ್ಬ ಹುಡುಗ ಅಡ್ಡ ಬಂದಿದ್ದ. ಮುಟ್ಟಿಲ್ಲ ಎಂದು ಒಂದು ಕಡೆಯವರು, ಮುಟ್ಟೇತಿ ಎಂದು ಇನ್ನೊಂದು ಕಡೆಯವರು ಎದ್ದರು. ಯಾರದೋ ಕೈ ಯಾರದೋ ಅಂಗಿಗೆ ಹೋಯಿತು. ಪಂತರೂ ಕುರ್ಚಿಯಿಂದ ಎದ್ದು ನಿಂತರು. ಇನ್ನೊಂದು ಗಳಿಗೆ ಹೋದರೆ ಆಟದ ತಾಸು ಮುಗಿದಂತೆ. ಕಣ್ಣಾರೆ ನೋಡದ ಕೃಷ್ಣಾಜಿ ಏನು ತೀರ್ಪು ಕೊಟ್ಟರೂ ಅದು ಸುಳ್ಳಾಗುತ್ತಿತ್ತು.

ಆಗ ಮಹಾಂತಪ್ಪ ಕೈ ಎತ್ತಿದ.

"ತಾಗೇತ್ರಿ ಸರ. ಬೆರಳ ತುದಿ ಅಷ್ಟ. ಆದ್ರ ತಾಗೇತಿ."

ಹೇಳಿ, ತಾನೇ ಗೆರೆ ದಾಟಿ ಹೊರಗೆ ಹೋಗಿ ಕುಳಿತ. ಅರಿಶಿನ ಮನೆ ಒಂದು ಅಂಕದಿಂದ ಸೋತಿತು. ಅಂಗಿ ಹಿಡಿದ ಕೈಗಳು ತಾವಾಗಿಯೇ ಸಡಿಲಾದವು. ಶಟ್ಟೆಪ್ಪ ಬಂದು ಅವನ ಪಕ್ಕದಲ್ಲಿ ಮಣ್ಣಿನಲ್ಲೇ ಕುಳಿತ.

ಪಂತರು ಬಯಲಿನೊಳಗೆ ನಡೆದು ಬಂದರು. "ಕೃಷ್ಣಾಜಿ, ನೀವು ನೋಡಿದ್ರೇನು?"

"ಇಲ್ಲರಿ. ಅವನ ಬೆನ್ನಿಗೆ ಅಷ್ಟ ಗೊತ್ತಿತ್ತು."

ಪಂತರು ಮಣ್ಣಿನಲ್ಲಿ ಕುಳಿತ ಇಬ್ಬರು ಹುಡುಗರನ್ನು ನೋಡಿದರು. "ಮೂರರ ಮ್ಯಾಲಿನ ತಾಸು ನಿಮ್ಮ ಕಡೇನ ಇರ್ಲಿ," ಎಂದರು. "ಇದನ್ನ ಕಲಿಸೋ ಪುಸ್ತಕ ನನ್ನ ಹತ್ರ ಇಲ್ಲ."

ಪಂದ್ಯ ಮುಗಿಯಿತೆಂದು ಸೀಟಿ ಊದುವುದು ಬಾಕಿ ಇತ್ತು. ಕೃಷ್ಣಾಜಿ ಸೀಟಿಯನ್ನು ಬಾಯಿಗಿಟ್ಟರು. ಉಸಿರು ಹಿಡಿಯುವುದೇ ಮನೆಯ ಉದ್ಯೋಗವೆಂದು ಹೇಳಿಕೊಂಡು ತಿರುಗಿದ ಮನುಷ್ಯನಿಗೆ ಉಸಿರೇ ಹೊರಡಲಿಲ್ಲ.

"ಊದ್ರಿ ಮಾಸ್ತರ," ಎಂದಳು ಗುರವ್ವ ಗೆರೆಯ ಆಚೆಯಿಂದ. "ಹುಡುಗುರು ಕಾಯಾಕ ಹತ್ಯಾರ."