ಪ್ರಿಂಟರಿನ ಮೇಲಿನ ಸುಣ್ಣ

ನನ್ನ ಭಾವನವರ ಬಲಗೈಯ ತೋರುಬೆರಳಿನ ತುದಿ ಸದಾ ಬೆಳ್ಳಗಿರುತ್ತಿತ್ತು. ವೀಳ್ಯದೆಲೆಗೆ ಸುಣ್ಣ ಸವರಿದ ಬೆರಳನ್ನು ಒರೆಸಿಕೊಳ್ಳುವ ಅಭ್ಯಾಸ ಅವರಿಗಿರಲಿಲ್ಲ. ಟಿವಿ ರಿಮೋಟು, ಮಿಕ್ಸಿ, ಫ್ರಿಜ್ಜಿನ ಬಾಗಿಲು, ಎಲ್ಲದರ ಮೇಲೂ ಅದರ ಗುರುತು. ಯಾವುದಾದರೂ ಕೆಟ್ಟು ನಿಂತರೆ ನಾನು ಮೊದಲು ಹುಡುಕುತ್ತಿದ್ದದ್ದು ಆ ಗುರುತನ್ನೇ.

ಮೊಳಕಾಲ್ಮೂರಿನಲ್ಲಿ ಅಕ್ಕ ರೇಷ್ಮೆ ಸೀರೆಯ ಅಂಚು, ಸೆರಗುಗಳ ವಿನ್ಯಾಸವನ್ನು ಕಂಪ್ಯೂಟರಿನಲ್ಲಿ ಬಿಡಿಸಿ, ನೇಕಾರರಿಗೆ ಪ್ರಿಂಟ್ ತೆಗೆದು ಕೊಡುತ್ತಾಳೆ. ಮನೆ ನಡೆಯುತ್ತಿದ್ದದ್ದು ಅದರಿಂದಲೇ. ಭಾವನವರ ಉದ್ಯೋಗವೆಂದರೆ ವೈಫೈ ಕಾಯುವುದು. ಎದುರುಮನೆಯವರು ಕದಿಯುತ್ತಾರೆಂದು ಪ್ರತಿ ಅಮಾವಾಸ್ಯೆ ರೌಟರಿಗೆ ಕುಂಕುಮ ಹಚ್ಚಿ, ನಿಂಬೆಹಣ್ಣು ನಿವಾಳಿಸಿ, ಪಾಸ್‌ವರ್ಡ್ ಬದಲಿಸುತ್ತಿದ್ದರು. ಹೊಸದನ್ನು ಕಂಪ್ಯೂಟರಿಗೆ ತಾವೇ ಹಾಕಿಕೊಡುವರು, ಅಕ್ಕನಿಗೂ ಹೇಳುತ್ತಿರಲಿಲ್ಲ.

ಅಕ್ಕ ವೈಫೈ ಪ್ರಿಂಟರ್ ಕೊಂಡ ಮೇಲೆ ಬಂದ ಮೊದಲ ಅಮಾವಾಸ್ಯೆಗೇ ಅದು ನಿಂತುಹೋಯಿತು. ಮದುವೆ ಸೀರೆಯೊಂದರ ವಿನ್ಯಾಸ ಅಂದೇ ಕೊಡಬೇಕಿತ್ತು. ನೇಕಾರ ಮಗ್ಗಕ್ಕೆ ಹಾಸುನೂಲು ಏರಿಸಿಕೊಂಡು ಕಾಯುತ್ತಿದ್ದ. "ಏಮೀ ಲೇದು, ಏನೂ ಆಗಿಲ್ಲ, ಸಿಗ್ನಲ್ ವೀಕೈತೆ," ಎಂದು ಭಾವನವರು ಪ್ರಿಂಟರನ್ನು ಆರಿಸಿ, ಹಚ್ಚಿ, ಕಿಟಕಿಯ ಕಡೆ ಮುಖ ಮಾಡಿಸಿ ಕೂರಿಸಿದರು. ಪೆನ್‌ಡ್ರೈವ್ ಹಿಡಿದು ಜೆರಾಕ್ಸ್ ಅಂಗಡಿಗೆ ಹೊರಟ ಅಕ್ಕನನ್ನು ತಡೆದರು. "ಮನೇಲಿ ಮಿಷನ್ ಇಟ್ಕಂಡು ಅಂಗಡಿಗೆ ಹೋದ್ರೆ ನನ್ ಮರ್ಯಾದೆ ಏನಾಗ್ಬೇಕು?"

ಅಕ್ಕ ಫೋನ್ ಮಾಡಿದಳು. ಚಳ್ಳಕೆರೆಯ ಎಣ್ಣೆ ಮಿಲ್ಲೊಂದರ ಆಫೀಸಿನಲ್ಲಿ ಕಂಪ್ಯೂಟರ್ ಕೆಲಸ ಮಾಡುವ ನಾನು ಅರ್ಧ ದಿನ ರಜೆ ಹಾಕಿ ಬಸ್ಸು ಹತ್ತಿದೆ. ನೋಡಿದರೆ ಪ್ರಿಂಟರು ಇನ್ನೂ ಹಳೆಯ ಪಾಸ್‌ವರ್ಡನ್ನೇ ನಂಬಿ ಕೂತಿತ್ತು.

"ಭಾವ, ಪ್ರಿಂಟರ್‌ಗೂ ಹೊಸ ಪಾಸ್‌ವರ್ಡ್ ಕೊಡ್ಬೇಕ್ರಿ," ಎಂದೆ.

"ಅದಕ್ಯಾಕೆ? ಅದು ನಮ್ಮನೇದೇ ಐತಲ್ಲ. ಪಾಸ್‌ವರ್ಡ್ ಇರೋದು ಹೊರಗ್ನೋರಿಗೆ."

ನನಗೆ ನಗು ತಡೆಯಲಾಗಲಿಲ್ಲ. ಅವರ ಮುಖ ಊದಿಕೊಂಡಿತು. ಪಾಸ್‌ವರ್ಡ್ ಹೇಳಿ ಎಂದರೆ, "ನಿಂಗೆ ಹೇಳಿದ್ರೆ ಚಳ್ಳಕೆರೆಗೆಲ್ಲ ಗೊತ್ತಾಗ್ತೈತೆ," ಎಂದು ಎದ್ದುಹೋದವರು ಸಂಜೆಯವರೆಗೂ ಬರಲಿಲ್ಲ. ಕಂಪ್ಯೂಟರಿನಲ್ಲಿ ಹುಡುಕಿ ತೆಗೆಯುತ್ತೇನೆ, ಇಲ್ಲವೇ ಅಂಗಡಿಗೆ ಹೋಗುತ್ತೇನೆ ಎಂದರೂ ಅವರಿಗೆ ಬೇಸರವಾದೀತೆಂದು ಅಕ್ಕ ಒಪ್ಪಲಿಲ್ಲ. ಅಷ್ಟರಲ್ಲಿ ನೇಕಾರ ಬೇರೆಯವರ ವಿನ್ಯಾಸ ತಂದು ಮಗ್ಗಕ್ಕೆ ಹಾಕಿಬಿಟ್ಟಿದ್ದ. ಅಕ್ಕ ಎಷ್ಟೋ ದಿನ ಕೂತು ಬಿಡಿಸಿದ ಹಂಸದ ಸೆರಗು ಕಂಪ್ಯೂಟರಿನಲ್ಲೇ ಉಳಿಯಿತು.

"ಬಿಡೇ, ಅವ್ರ ಸ್ವಭಾವನೇ ಹಂಗೆ. ಕಾಫಿ ಕುಡಿ," ಎಂದಳು ಅಕ್ಕ. ಆ ಮನುಷ್ಯನ ಮೇಲೆ ಬಂದಷ್ಟೇ ಸಿಟ್ಟು ನನಗೆ ಅವಳ ಮೇಲೂ ಬಂತು.

ಅಂದಿನಿಂದ ಭಾವನವರು ಬಾಗಿಲು ಹಾಕಿಕೊಂಡು ಪ್ರಿಂಟರಿಗೂ ತಾವೇ ಪಾಸ್‌ವರ್ಡ್ ಕುಟ್ಟತೊಡಗಿದರು. ತಪ್ಪಾದಾಗಲೆಲ್ಲ, "ನೀನೇ ಏನೋ ಒತ್ತಿದ್ದೀಯ," ಎಂದು ಅಕ್ಕನ ಮೇಲೆ ಹರಿಹಾಯುತ್ತಿದ್ದರು. ಅಷ್ಟು ವರ್ಷಗಳಲ್ಲಿ ಅವಳು ಒಂದು ದಿನವೂ ಎದುರಾಡಲಿಲ್ಲ.

ಈ ವರ್ಷ ಒಂದು ಅಮಾವಾಸ್ಯೆಯ ಮರುದಿನ ಭಾವನವರು ಎದೆನೋವಿನಿಂದ ತೀರಿಕೊಂಡರು. ರೌಟರಿಗೆ ಹೊಸ ಪಾಸ್‌ವರ್ಡ್ ಬಿದ್ದಿತ್ತು, ಪ್ರಿಂಟರಿಗೆ ಬಿದ್ದಿರಲಿಲ್ಲ. ಕರ್ಮಾಂತರ ಮುಗಿದ ಮೇಲೆ ಕಂಪ್ಯೂಟರಿನ ಸೆಟ್ಟಿಂಗ್ಸ್ ಕೆದಕಿ ಆ ಪಾಸ್‌ವರ್ಡನ್ನು ಹೊರತೆಗೆದೆ. ಊರಿಗೆಲ್ಲ ಗೊತ್ತಾಗದಂತೆ ಬಚ್ಚಿಟ್ಟ ಆ ಮಹಾ ರಹಸ್ಯ ಅವರದೇ ಹೆಸರು, ಹಿಂದೆ ಒಂದು ಸಂಖ್ಯೆ. ಅಕ್ಕನನ್ನು ಕೇಳಿ ಬೇರೊಂದನ್ನು ಇಟ್ಟು, ಪ್ರಿಂಟರಿಗೂ ಕೊಟ್ಟೆ. ಮಿನುಗುತ್ತಿದ್ದ ದೀಪ ನಿಂತು ಉರಿಯಿತು. ಹಂಸದ ಸೆರಗು ಸಾಲುಸಾಲಾಗಿ ಹೊರಬಂತು.

ಪ್ರಿಂಟರಿನ ಗುಂಡಿಯ ಮೇಲೆ ಒಣಗಿದ ಸುಣ್ಣವಿತ್ತು. ಸತ್ತವರ ಗುರುತು, ಅಕ್ಕನಿಗೆ ನೋವಾದೀತೆಂದು ನಾನು ಮುಟ್ಟಲಿಲ್ಲ.

ಅಕ್ಕ ಒಳಗೆ ಹೋಗಿ ಒದ್ದೆ ಬಟ್ಟೆ ತಂದು, ಗುಂಡಿಯನ್ನು ತಿಕ್ಕಿ ತಿಕ್ಕಿ ಒರೆಸಿದಳು.

"ಎಷ್ಟ್ ವರ್ಷದಿಂದ ಒರೆಸ್ಬೇಕು ಅನ್ಕಂಡಿದ್ದೆ," ಎಂದಳು.