ಅಕ್ಕ ಬಿಟ್ಟುಹೋದ ವಯಸ್ಸು

ಮೂರು ಯುಗಾದಿ ಕಳೆದರೂ ನಮ್ಮ ಮನೆಯಲ್ಲಿ ಅಕ್ಕನಿಗೆ ಹದಿನೇಳೇ ವರ್ಷ. ಗಂಡಿನವರು ಒಬ್ಬರಾದ ಮೇಲೊಬ್ಬರು ಬಂದು ಕೇಸರಿಬಾತು ತಿಂದು ಹೋಗುತ್ತಿದ್ದರು. ಹುಡುಗಿಗೆ ವಯಸ್ಸಾಯಿತು ಅನ್ನಿಸಬಾರದೆಂದು ಅಪ್ಪ ಜೋಯಿಸರನ್ನು ಹಿಡಿದು ಅವಳ ಜಾತಕವನ್ನು ಎರಡು ಸಂವತ್ಸರ ಮುಂದಕ್ಕೆ ತಳ್ಳಿ ಬರೆಸಿದ್ದರು. ಅವಳಿಗಿಂತ ವರ್ಷಕ್ಕೆ ಚಿಕ್ಕವಳಾದ ನನ್ನದನ್ನೂ ತಳ್ಳಲೇಬೇಕಾಯಿತು. ಅವಳ ಹಳೆಯ ದಾವಣಿ ಉಟ್ಟಿದ್ದು ಸಾಲದೆಂದು ಅವಳು ಬಿಟ್ಟ ವಯಸ್ಸೂ ನನಗೇ ಬಂತು.

ಟಿ. ನಗರದಿಂದ ಹೊಸ ಸೀರೆ ತಂದರೆ ಅವಳಿಗೆ. ಮಲ್ಲಿಗೆ ಮೊಳ ಅವಳಿಗೆ, ಉಳಿದ ತುಂಡು ನನಗೆ. ನನಗೆ ಹೊಟ್ಟೆಕಿಚ್ಚಿತ್ತು, ಮುಚ್ಚಿಡುವುದೇಕೆ?

ಒಂದು ಬೆಳಿಗ್ಗೆ ಅವಳು ಚೀಟಿ ಬರೆದಿಟ್ಟು ಹೊರಟೇಹೋದಳು. ಮದುವೆ ಬೇಡವಂತೆ, ನರ್ಸ್ ಟ್ರೈನಿಂಗ್‌ಗೆ ಸೇರುತ್ತಾಳಂತೆ, ಪೆರಂಬೂರಿನಲ್ಲಿ ಗೆಳತಿಯ ತಾಯಿಯ ಮನೆಯಲ್ಲಿರುತ್ತಾಳಂತೆ. ಅಪ್ಪ ಊಟ ಬಿಟ್ಟರು. ಅವಳಿಗೆ ಇಷ್ಟವಾಗಿದ್ದ ನುಗ್ಗೆಕಾಯಿಯನ್ನು ಅಮ್ಮ ಹುಳಿಗೆ ಹಾಕುವುದನ್ನೇ ನಿಲ್ಲಿಸಿದಳು. ನನಗೂ ನುಗ್ಗೆಕಾಯಿ ಇಷ್ಟ. ಅದು ಯಾರಿಗೂ ನೆನಪಾಗಲಿಲ್ಲ. ಮನೆಯಲ್ಲೇ ಕೂತವಳನ್ನು ಯಾರು ಹುಡುಕುತ್ತಾರೆ!

ಅಪ್ರಾಪ್ತ ಮಗಳನ್ನು ಆ ಗೆಳತಿಯ ತಾಯಿ ಪುಸಲಾಯಿಸಿ ಕರೆದೊಯ್ದಳೆಂದು ಅಪ್ಪ ದೂರು ಕೊಟ್ಟರು. ಠಾಣೆಗೆ ಎಲ್ಲರನ್ನೂ ಕರೆಸಿದರು. ಹದಿನೆಂಟು ತುಂಬಿರದಿದ್ದರೆ ಹುಡುಗಿ ಅಪ್ಪನ ಜೊತೆ ಹೋಗಬೇಕು, ಮನೆಯಲ್ಲಿಟ್ಟುಕೊಂಡವಳ ಮೇಲೆ ಕೇಸು; ತುಂಬಿದ್ದರೆ ಅವಳಿಷ್ಟ ಎಂದರು ಇನ್‌ಸ್ಪೆಕ್ಟರು. ಅಕ್ಕ ತನಗೆ ಹತ್ತೊಂಬತ್ತು ಎಂದಳು. ಅಪ್ಪ ಜಾತಕ ಬಿಚ್ಚಿ ಮೇಜಿನ ಮೇಲಿಟ್ಟರು. ಇನ್‌ಸ್ಪೆಕ್ಟರು ನನ್ನತ್ತ ತಿರುಗಿ ಅಕ್ಕನ ವಯಸ್ಸೆಷ್ಟು ಹೇಳೆಂದು ತಮಿಳಿನಲ್ಲಿ ಕೇಳಿದರು.

"ನೀ ಸೊಲ್ಲಮ್ಮಾ, ಅಕ್ಕಾವುಕ್ಕು ಎನ್ನ ವಯಸು?"

ಅಕ್ಕ ನನ್ನನ್ನೇ ನೋಡುತ್ತಿದ್ದಳು. ಇವಳು ಮರಳಿದರೆ ಮತ್ತೆ ಹೊಸ ಸೀರೆ, ಮತ್ತೆ ಮಲ್ಲಿಗೆ, ಮತ್ತೆ ನುಗ್ಗೆಕಾಯಿ. ಬರುವುದೇ ಬೇಡ ಅನ್ನಿಸಿತು. ಹತ್ತೊಂಬತ್ತೇ ಎಂದೆ. ಸ್ಕೂಲ್ ಸರ್ಟಿಫಿಕೇಟು ಅಪ್ಪನ ಬೀರುವಿನಲ್ಲಿದೆ ಅಂತಲೂ ಹೇಳಿದೆ. ಅಪ್ಪ ತಲೆ ತಗ್ಗಿಸಿದರು. ಕಾನ್‌ಸ್ಟೇಬಲ್ ಜೊತೆ ಹೋಗಿ ಅದನ್ನು ತಂದದ್ದೂ ಅವರೇ.

ಹೊರಗೆ ಮೆಟ್ಟಿಲ ಮೇಲೆ ಅಕ್ಕ ನನ್ನನ್ನು ತಬ್ಬಿಕೊಂಡು ಅತ್ತಳು. "ನಿನ್ನಷ್ಟು ಧೈರ್ಯ ನಂಗೂ ಇರ್ಲಿಲ್ಲ ಕಣೇ. ನೀನೂ ಬಂದ್ಬಿಡು. ನಿಂಗೂ ಹದಿನೆಂಟು ತುಂಬಿತಲ್ಲ, ಯಾರು ತಡೀತಾರೆ?"

ಅವಳ ವಯಸ್ಸು ಎಣಿಸುವ ಭರದಲ್ಲಿ ನನ್ನದನ್ನು ಎಣಿಸಿರಲಿಲ್ಲ. ರಿಕ್ಷಾದಲ್ಲಿ ಅಪ್ಪ ಒಬ್ಬರೇ ಕೂತಿದ್ದರು. ನಾನು ಹೋಗಿ ಪಕ್ಕದಲ್ಲಿ ಕೂತೆ.

ಮುಂದಿನ ತಿಂಗಳು ಗಂಡಿನವರು ಬಂದರು. ಹೊಸ ಸೀರೆ ನನಗೇ, ಮೊಳ ಮಲ್ಲಿಗೆಯೂ ನನಗೇ. ಹುಡುಗಿಗೆ ವಯಸ್ಸೆಷ್ಟು ಎಂದು ಕೇಳಿದರು.

"ಈಗ ಹದಿನೇಳು ನಡೀತಿದೆ" ಎಂದರು ಅಪ್ಪ.

ನಾನು ಕೇಸರಿಬಾತಿನ ತಟ್ಟೆಯನ್ನು ಗಂಡಿನವರ ಮುಂದಿಟ್ಟೆ.